ಜೀವಕೋಶದಲ್ಲಿ ‘ಸಾಕು’ ಎನ್ನುವ ಮಾತು

ಈರುಳ್ಳಿಯ ಒಂದು ಜೀವಕೋಶದೊಳಗೆ ಅಡಗಿರುವ ಬರಹ ಮನುಷ್ಯನ ಒಂದು ಜೀವಕೋಶದೊಳಗಿನ ಬರಹಕ್ಕಿಂತ ಸುಮಾರು ಐದು ಪಟ್ಟು ಉದ್ದವಾದುದು ಎಂದರೆ ಯಾರೂ ತಟ್ಟನೆ ನಂಬಲಾರರು. ಸಾರಿಗೆ ಹೆಚ್ಚಿ ಹಾಕುವ ಈರುಳ್ಳಿಗೆ ಅಷ್ಟು ದೊಡ್ಡ ಗ್ರಂಥವೇಕೆ, ಕಾವ್ಯ ಬರೆದು ಸೇತುವೆ ಕಟ್ಟಿದ ಮನುಷ್ಯನಿಗೆ ಇಷ್ಟು ಸಣ್ಣದು ಸಾಕೆ ಎಂದು ಕೇಳಬೇಕೆನಿಸುತ್ತದೆ. ಪ್ರಶ್ನೆ ನಗೆ ಬರಿಸುವಂಥದಾದರೂ ಅದರ ಬೆನ್ನು ಹತ್ತಿ ಹೋದರೆ ಏಡಿಗಂತಿ, ಕಿವುಡು ಮೊದಲಾದ ಬೇನೆಗಳ ಬಾಗಿಲಿಗೆ ಬಂದು ನಿಲ್ಲುತ್ತೇವೆ. ಆ ದಾರಿಯಲ್ಲಿ ಸ್ವಲ್ಪ ದೂರ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ವಿಜ್ಞಾನದ ಅಧ್ಯಾಪಕನೂ ಅಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಈ ವಿಷಯ ಮೊದಲಿನಿಂದ ಕೊನೆಯವರೆಗೆ ಅಕ್ಷರಗಳದು, ಪ್ರತಿಲಿಪಿಯದು, ಪ್ರಾಸದ್ದು. ಆದಕಾರಣ ಕನ್ನಡ ಪಂಡಿತನಿಗೂ ಇಲ್ಲಿ ಒಂದಿಷ್ಟು ಜಾಗ ಉಂಟೆಂದು ಭಾವಿಸಿದ್ದೇನೆ.

ಬರಹ ಎಂದೆನಷ್ಟೆ. ಜೀವಕೋಶದ ನಡುವಣ ಕೋಶಕೇಂದ್ರದಲ್ಲಿ ಡಿಎನ್‌ಎ ಎಂಬ ನೀಳವಾದ ಎಳೆಯಿದೆ. ಅದರ ಮೇಲೆ ನಾಲ್ಕೇ ಬಗೆಯ ರಾಸಾಯನಿಕ ಅಕ್ಷರಗಳು ಒಂದರ ಮುಂದೊಂದು ಸಾಲುಗಟ್ಟಿವೆ. ಮನುಷ್ಯನಲ್ಲಿ ಈ ಸಾಲಿನ ಉದ್ದ ಸುಮಾರು 300 ಕೋಟಿ ಅಕ್ಷರ. ಪುಟಕ್ಕೆ 2,000 ಅಕ್ಷರದಂತೆ ಅಚ್ಚು ಹಾಕಿಸಿದರೆ 15 ಲಕ್ಷ ಪುಟವಾಗುತ್ತದೆ. ಮುನ್ನೂರು ಪುಟಕ್ಕೊಂದರಂತೆ ರಟ್ಟು ಕಟ್ಟಿಸಿದರೆ ಐದು ಸಾವಿರ ಪುಸ್ತಕ. ಸಣ್ಣ ಊರಿನ ವಾಚನಾಲಯವೊಂದು ತುಂಬಿಹೋದೀತು. ಇದನ್ನು ಹಿಂದಿನ ಕಾಲದ ಮಠದ ಪೆಟ್ಟಿಗೆಯಲ್ಲಿದ್ದ ಮೂಲ ಓಲೆಗರಿಯ ಕಟ್ಟೆಂದು ತಿಳಿಯಿರಿ. ಮೂಲವನ್ನು ಯಾರಿಗೂ ಹೊರಗೆ ಕೊಡುವಂತಿಲ್ಲ. ಬೇಕಾದ ಭಾಗವನ್ನು ಲಿಪಿಕಾರ ನಕಲು ಮಾಡಿಕೊಳ್ಳಬೇಕು. ಜೀವಕೋಶದಲ್ಲಿ ಆ ನಕಲಿಗೆ ಆರ್‌ಎನ್‌ಎ ಎಂದು ಹೆಸರು. ನಕಲು ಕೋಶಕೇಂದ್ರದಿಂದ ಆಚೆ ಬರುತ್ತದೆ. ಅಲ್ಲಿ ಅದನ್ನು ಓದಿ, ಓದಿದ ಪ್ರಕಾರ ಪ್ರೋಟೀನು ಎಂಬ ವಸ್ತುವನ್ನು ಕಟ್ಟುತ್ತಾರೆ. ಸ್ನಾಯು, ಕೂದಲು, ರಕ್ತದ ಕೆಂಪು, ಅನ್ನವನ್ನು ಅರಗಿಸುವ ರಸ ಎಲ್ಲದರಲ್ಲಿಯೂ ಪ್ರೋಟೀನೇ ಪ್ರಧಾನ. 1953ರಲ್ಲಿ ಡಿಎನ್‌ಎ ಎಳೆಯ ರಚನೆ ತಿಳಿಯಿತು. 1961ರಲ್ಲಿ ಈ ಸಂದೇಶ ಹೊತ್ತ ನಕಲು ಗುರುತಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಆರ್‌ಎನ್‌ಎ ಎಂದರೆ ಅಂಚೆಯವನು, ಓಲೆ ತಲುಪಿಸುವುದು ಅವನ ಮುಖ್ಯ ಉದ್ಯೋಗ ಎಂಬ ಎಣಿಕೆ ಬಹುಕಾಲ ನಡೆಯಿತು.

ಮೂಲಗ್ರಂಥವನ್ನು ಪೂರ್ತಿ ಓದಿ ನೋಡಿದಾಗ ಹೊರಬಿದ್ದ ಲೆಕ್ಕ ವಿಚಿತ್ರವಾಗಿತ್ತು. ಪ್ರೋಟೀನಿನ ಪಾಠವಿರುವ ಭಾಗ ನೂರಕ್ಕೆ ಎರಡಕ್ಕಿಂತಲೂ ಕಡಿಮೆ. ಪ್ರೋಟೀನು ಕಟ್ಟುವ ಪ್ರಕರಣಗಳ, ಅಂದರೆ ಜೀನುಗಳ, ಸಂಖ್ಯೆ ಸುಮಾರು 20,000. ಮಣ್ಣಿನಲ್ಲಿರುವ ಒಂದು ಮಿಲಿಮೀಟರು ಉದ್ದದ ದುಂಡುಹುಳುವೊಂದಿದೆ. ಅದರ ಮೈಯಲ್ಲಿ ಬೀಜಕಣಗಳನ್ನು ಬಿಟ್ಟರೆ 959 ಜೀವಕೋಶ ಮಾತ್ರ. ಅದಕ್ಕೂ ಇಷ್ಟೇ ಜೀನುಗಳಿವೆ! ಉಳಿದ ತೊಂಬತ್ತೆಂಟು ಪಾಲು ಏನು? ಸುಸುಮು ಓನೊ ಎಂಬ ವಿಜ್ಞಾನಿ 1972ರಲ್ಲಿ ಅಂಥ ಭಾಗಕ್ಕೆ ‘ಕಸ’ ಎಂಬರ್ಥದ ಹೆಸರನ್ನು ಹೇಳಿದ, ಆ ಹೆಸರು ನಿಂತುಬಿಟ್ಟಿತು. ನಲವತ್ತು ವರ್ಷದ ಮೇಲೆ, 2012ರಲ್ಲಿ, ಒಂದು ದೊಡ್ಡ ಸಂಶೋಧಕ ತಂಡ ನೂರಕ್ಕೆ ಎಂಬತ್ತು ಪಾಲಿನಲ್ಲಿ ಏನಾದರೊಂದು ರಾಸಾಯನಿಕ ಚಟುವಟಿಕೆ ಉಂಟೆಂದು ಸಾರಿದಾಗ, ಪತ್ರಿಕೆಗಳು ‘ಕಸವೆಲ್ಲ ರಸ’ ಎಂಬ ಧಾಟಿಯಲ್ಲಿ ಬರೆದವು. ಅದೂ ಅತಿಯೇ ಆಯಿತು. ಲಿಪಿಕಾರನ ಕೈ ಎಲ್ಲೆಲ್ಲಿ ಓಡಿತೋ ಅಲ್ಲೆಲ್ಲ ಅರ್ಥವಿದೆಯೆಂದು ಹೇಳಲಾಗದು. ಆಗ ಆಕ್ಷೇಪಿಸಿದವರು ಮುಂದಿಟ್ಟದ್ದು ಈರುಳ್ಳಿಯ ಉದಾಹರಣೆಯನ್ನೇ: ಎಲ್ಲ ಅಕ್ಷರವೂ ಉಪಯುಕ್ತವಾದರೆ ಈರುಳ್ಳಿ ನಮಗಿಂತ ಐದು ಪಟ್ಟು ಜಟಿಲವಾದ ಪ್ರಾಣಿಯಾಗಬೇಕಿತ್ತಲ್ಲ! ಬಹುಭಾಗ ಹೊಟ್ಟೇ ಇರಬಹುದು. ಆದರೆ ಆ ಹೊಟ್ಟಿನಲ್ಲಿ ಕಾಳುಗಳಿವೆ, ಅವು ಎಣಿಸಿದುದಕ್ಕಿಂತ ಹೆಚ್ಚಿವೆ, ಕೆಲವು ನಮ್ಮ ಆಯುಸ್ಸನ್ನೇ ಹಿಡಿದಿವೆ.

ಭಾಷೆಯಲ್ಲಿಯೂ ಹೀಗೆಯೇ ಅಲ್ಲವೆ? ಮರ, ಕಲ್ಲು, ನೀರು ಎಂಬ ನಾಮಪದಗಳನ್ನು ಎಣಿಸಿ ನಿಘಂಟು ದೊಡ್ಡದೆನ್ನುತ್ತೇವೆ. ವಾಕ್ಯ ನಡೆಯುವುದು ಮಾತ್ರ ತಮಗೆ ತಾವೇ ಯಾವ ವಸ್ತುವನ್ನೂ ಹೇಳದ ಪುಟ್ಟ ಪ್ರತ್ಯಯಗಳಿಂದ. ‘ಮಾಡುವನು’ ಎಂಬುದು ‘ಮಾಡನು’ ಎಂದಾದರೆ ಕಡಮೆಯಾದದ್ದು ಒಂದಕ್ಷರ, ತಲೆಕೆಳಗಾದದ್ದು ಅರ್ಥ. ಜೀವಕೋಶದಲ್ಲಿಯೂ ತಾನು ಪ್ರೋಟೀನಾಗದೆ, ಇತರ ಸಂದೇಶಗಳು ಎಷ್ಟು ನಡೆಯಬೇಕು, ಯಾವಾಗ ನಿಲ್ಲಬೇಕು ಎಂದು ವಿಧಿಸುವ ಆರ್‌ಎನ್‌ಎಗಳಿವೆ. ಇವನ್ನು ನಿಯಂತ್ರಕ ಆರ್‌ಎನ್‌ಎಗಳು ಎನ್ನಬಹುದು. ಹೆಸರು ಕೊಂಚ ಸರಕಾರಿ ಕಚೇರಿಯ ಬಾಗಿಲ ಫಲಕದಂತಿದೆ, ಒಪ್ಪಿದೆ. ಇದಕ್ಕಿಂತ ಹಗುರವಾದುದು ಹೊಳೆದವರು ಬಳಕೆಗೆ ತರಲಿ.

ಇವು ಸಿಕ್ಕಿದ್ದು ಆಗಲೇ ಹೇಳಿದ ದುಂಡುಹುಳುವಿನಲ್ಲಿ. 1980ರ ದಶಕದ ಕೊನೆಯಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಎಂಬಿಬ್ಬರು ಒಂದೇ ಪ್ರಯೋಗಶಾಲೆಯಲ್ಲಿದ್ದು, ಬಳಿಕ ಬೇರೆಬೇರೆ ಕಡೆ ನೆಲೆಸಿದರು. ಅವರ ಬಳಿ ಎರಡು ಜಾತಿಯ ವಿಕಾರದ ಹುಳುಗಳಿದ್ದವು. ‘ಲಿನ್-4’ ಎಂಬ ಜೀನು ಕೆಟ್ಟ ಹುಳು ಬೆಳೆದರೂ ಬಾಲ್ಯ ಬಿಡದು. ಮರಿಯ ಅವಸ್ಥೆಯನ್ನೇ ಮತ್ತೆ ಮತ್ತೆ ನಡೆಸುತ್ತ, ಮೊಟ್ಟೆಯಿಡುವ ಅಂಗವೂ ಮೂಡದೆ ಉಳಿಯುತ್ತದೆ. ‘ಲಿನ್-14’ ಕೆಟ್ಟುಹೋದ ಹುಳುವಿನ ಪಾಡು ಇದಕ್ಕೆ ವಿರುದ್ಧ. ಅದು ಮೊದಲ ಮೆಟ್ಟಿಲುಗಳನ್ನು ಹಾರಿ ಅಕಾಲದಲ್ಲಿ ದೊಡ್ಡದಾಗಲು ಹವಣಿಸುತ್ತದೆ. ಮೊದಲನೆಯದು ಎರಡನೆಯದನ್ನು ತಡೆಯುತ್ತದೆಂದು ಆಂಬ್ರೋಸ್ ಊಹಿಸಿದ್ದ. ತಡೆಯುವುದು ಹೇಗೆ? ಆಂಬ್ರೋಸನ ಜೊತೆಯಲ್ಲಿ ರೋಸಲಿಂಡ್ ಲೀ, ರೋಂಡಾ ಫೈನ್‌ಬಾಮ್ ಎಂಬ ಇಬ್ಬರು ಹೆಂಗಸರು ಲಿನ್-4 ಜೀನನ್ನು ಹುಡುಕುತ್ತ ಹೋದರು. ಬರಹದ ತುಣುಕನ್ನು ಸಣ್ಣದು ಮಾಡುತ್ತ ಮಾಡುತ್ತ ಸುಮಾರು 700 ಅಕ್ಷರಕ್ಕೆ ಬಂದರೂ ಅದರೊಳಗೆ ಪ್ರೋಟೀನಿನ ಪಾಠ ಕಾಣಲಿಲ್ಲ. ಕೊನೆಗೆ ಉಳಿದದ್ದು 22 ಅಕ್ಷರದ ಒಂದು ಆರ್‌ಎನ್‌ಎ ಚೂರು. ಅಷ್ಟೇ!

ಅತ್ತ ರುವ್ಕುನ್ ಲಿನ್-14ರ ಸಂದೇಶವನ್ನು ಅಕ್ಷರಕ್ಕಕ್ಷರ ಓದಿಟ್ಟಿದ್ದ. 1992ರಲ್ಲಿ ಇಬ್ಬರೂ ತಮ್ಮ ತಮ್ಮ ಬರಹವನ್ನು ಪರಸ್ಪರ ಕಳುಹಿಸಿ ತಾಳೆ ನೋಡಿದರು. ಸಂದೇಶದ ಪಾಠವೆಲ್ಲ ಮುಗಿದ ಮೇಲೆ ಒಂದು ಬಾಲ ಉಳಿದಿರುತ್ತದೆ, ನಮ್ಮ ಓಲೆಗರಿಗಳ ಕೊನೆಯಲ್ಲಿ ಲಿಪಿಕಾರನ ನಾಲ್ಕು ಮಾತಿರುವಂತೆ. ಆ ಬಾಲದಲ್ಲಿ ಒಂದಲ್ಲ, ಹಲವು ಕಡೆ ಈ 22 ಅಕ್ಷರದ ಚೂರು ಜೋಡಿಯಾಗಿ ಕೂಡಿಕೊಳ್ಳಬಲ್ಲ ತಾವುಗಳಿದ್ದವು. ಚೂರು ಹೋಗಿ ಅಲ್ಲಿ ಅಂಟಿಕೊಂಡರೆ ಸಂದೇಶವನ್ನು ಓದುವುದು ನಿಲ್ಲುತ್ತದೆ. ಹುಳು ಬಾಲ್ಯವನ್ನು ಮುಗಿಸುತ್ತದೆ. ‘ಸಾಕು’ ಎನ್ನುವ ಮಾತು ಸಿಕ್ಕಿತ್ತು. 1993ರಲ್ಲಿ ಇದು ಪ್ರಕಟವಾದಾಗ ಹೆಚ್ಚು ಜನ ಕಿವಿಗೊಡಲಿಲ್ಲ. ಹುಳುವಿನ ಹುಚ್ಚಾಟ, ನಮಗೇನು ಎಂಬ ಭಾವ. ಏಳು ವರ್ಷದ ತರುವಾಯ, 2000ದಲ್ಲಿ, ರುವ್ಕುನ್ ‘ಲೆಟ್-7’ ಎಂಬ ಇನ್ನೊಂದು ಚೂರನ್ನು ತೋರಿಸಿದ. ಅದರ 21 ಅಕ್ಷರಗಳು ನೊಣದಲ್ಲಿ, ಮೀನಿನಲ್ಲಿ, ಮನುಷ್ಯನಲ್ಲಿ ಅದೇ ಅನುಕ್ರಮದಲ್ಲಿ ಇದ್ದವು. ಕೋಟ್ಯಂತರ ವರ್ಷಗಳಿಂದ ಒಂದು ವಾಕ್ಯ ಪಾಠಭೇದವಿಲ್ಲದೆ ಉಳಿದುಬಂದಿದೆ ಎಂದರೆ ಅದನ್ನು ಯಾರಾದರೂ ಕಸವೆನ್ನಲಾದೀತೆ? ಮರುವರ್ಷವೇ ಇಂಥವು ಡಜನುಗಟ್ಟಲೆ ಸಿಕ್ಕಿ, ‘ಮೈಕ್ರೋ ಆರ್‌ಎನ್‌ಎ’ ಎಂಬ ಹೆಸರು ಬಿತ್ತು. ಮನುಷ್ಯನಲ್ಲಿ ಸಾವಿರಕ್ಕಿಂತ ಹೆಚ್ಚು ಬಗೆ ಇವೆಯೆಂದು ಲೆಕ್ಕ. ನಮ್ಮ ಪ್ರೋಟೀನು ಜೀನುಗಳಲ್ಲಿ ಅರ್ಧಕ್ಕೂ ಮಿಕ್ಕು ಇವುಗಳ ಅಂಕೆಗೆ ಒಳಪಟ್ಟಿವೆ. ಆಂಬ್ರೋಸ್ ಮತ್ತು ರುವ್ಕುನ್ ಇಬ್ಬರಿಗೆ 2024ರ ನೊಬೆಲ್ ಬಹುಮಾನ ಬಂದಿತು.

ಈ ಚೂರುಗಳು ಹುಟ್ಟುವ ಬಗೆಯೂ ರಸವತ್ತಾಗಿದೆ. ಮೊದಲು ನೀಳವಾದ ಆರ್‌ಎನ್‌ಎ ಹುಟ್ಟಿ, ಹೆಂಗಸರ ಕೂದಲ ಪಿನ್ನಿನಂತೆ ತನ್ನ ಮೇಲೆ ತಾನೇ ಮಡಿಸಿಕೊಳ್ಳುತ್ತದೆ. ಡೈಸರ್ ಎಂಬ ಪ್ರೋಟೀನು ಬಂದು ಅದನ್ನು ಅಳತೆಗೆ ಸರಿಯಾಗಿ ಕತ್ತರಿಸುತ್ತದೆ. ತರಕಾರಿ ಹೆಚ್ಚುವವನು ಎಂದು ಆ ಹೆಸರಿನ ಅರ್ಥ. ಹೆಚ್ಚಿದ ಚೂರನ್ನು ಆರ್ಗೊನಾಟ್ ಎಂಬ ಇನ್ನೊಂದು ಪ್ರೋಟೀನು ಕೈಯಲ್ಲಿ ಹಿಡಿದು ಸಂದೇಶಗಳ ಬಾಲವನ್ನು ಹುಡುಕುತ್ತ ಹೊರಡುತ್ತದೆ. ಹುಡುಕುವಾಗ 22 ಅಕ್ಷರಗಳೂ ಕೂಡಬೇಕಾಗಿಲ್ಲ. ಮುಖ್ಯವಾಗಿ ಕೂಡಬೇಕಾದವು ಎರಡನೆಯ ಅಕ್ಷರದಿಂದ ಎಂಟನೆಯದರವರೆಗಿನ ಏಳು. ಕನ್ನಡ ಛಂದಸ್ಸನ್ನು ಓದಿದ ಯಾರಿಗಾದರೂ ಇಲ್ಲಿ ಕಿವಿ ನಿಮಿರಬೇಕು. ನಮ್ಮ ಪದ್ಯದಲ್ಲಿ ಪ್ರಾಸ ನಿಲ್ಲುವುದು ಸಾಲಿನ ಎರಡನೆಯ ಅಕ್ಷರದಲ್ಲಿ. ಅಲ್ಲಿ ತಪ್ಪಿದರೆ ಉಳಿದ ಸಾಲು ಎಷ್ಟು ಸೊಗಸಾಗಿದ್ದರೂ ಕೇಳುವವನು ಮುಖ ಸಿಂಡರಿಸುತ್ತಾನೆ. ಪ್ರಾಸದಲ್ಲಿ ಅದೇ ಅಕ್ಷರ ಮರಳಿ ಬರಬೇಕು, ಇಲ್ಲಿ ಎದುರಿನ ಜೊತೆಗಾರ ಅಕ್ಷರ ಬರಬೇಕು, ಅಂದರೆ ‘ಎ’ಗೆ ‘ಯು’, ‘ಜಿ’ಗೆ ‘ಸಿ’, ಇದಿಷ್ಟು ವ್ಯತ್ಯಾಸ. ಪ್ರಾಸಸ್ಥಾನ ಮಾತ್ರ ಅಷ್ಟೇ ನಿಷ್ಠುರ.

ಅಷ್ಟು ನಿಷ್ಠುರವೆಂದು ತಿಳಿದದ್ದು ಕಿವುಡರಾದ ಎರಡು ಕುಟುಂಬಗಳಿಂದ. ಸ್ಪೇನ್ ದೇಶದ ಈ ಎರಡು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಿವುಡು ಇಳಿದುಬರುತ್ತಿತ್ತು. ಮಕ್ಕಳು ಹುಟ್ಟು ಕಿವುಡರಲ್ಲ. ಮಾತು ಕಲಿಯುತ್ತಾರೆ, ತಾಯಿಯ ದನಿ ಗುರುತಿಸುತ್ತಾರೆ. ಬರಬರುತ್ತ ಶ್ರವಣ ಶಕ್ತಿ ಕುಂದುತ್ತದೆ. 2009ರಲ್ಲಿ ಕಾರಣ ಗೊತ್ತಾಯಿತು. ಒಳಗಿವಿಯ ಸೂಕ್ಷ್ಮ ರೋಮವುಳ್ಳ ಜೀವಕೋಶಗಳಲ್ಲಿ ‘ಮಿರ್-96’ ಎಂಬ ಮೈಕ್ರೋ ಆರ್‌ಎನ್‌ಎ ಕೆಲಸ ಮಾಡುತ್ತದೆ. ಅದರ ಪ್ರಾಸಸ್ಥಾನದಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು. 300 ಕೋಟಿಯಲ್ಲಿ ಒಂದು! ಯಾವ ಪ್ರೋಟೀನಿನ ಪಾಠವೂ ಕೆಟ್ಟಿರಲಿಲ್ಲ. ಆದರೆ ‘ಸಾಕು’ ಎಂದು ಹೇಳಿಸಿಕೊಳ್ಳಬೇಕಾದ ಸಂದೇಶಗಳಿಗೆ ಅದು ತಲುಪದೆ, ಹೇಳಬಾರದವಕ್ಕೆ ಹೇಳಿ, ರೋಮಕೋಶಗಳು ಹದಗೆಟ್ಟವು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕಿವುಡು ಇಲಿಗಳ ಒಂದು ತಳಿಯಲ್ಲಿಯೂ ಇದೇ ಪ್ರಾಸಸ್ಥಾನದಲ್ಲಿ ಒಂದಕ್ಷರದ ತಪ್ಪು ಸಿಕ್ಕಿತು. ಆ ತಳಿಗೆ ಡಿಮಿನುಯೆಂಡೊ ಎಂಬ ಹೆಸರಿಟ್ಟರು. ಪಾಶ್ಚಾತ್ಯ ಸಂಗೀತದಲ್ಲಿ ದನಿಯನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ ಹೋಗು ಎಂದು ಅದರ ಅರ್ಥ. ವಿಜ್ಞಾನಿಗಳು ಇಟ್ಟ ಹೆಸರುಗಳಲ್ಲಿ ಇಷ್ಟು ಸಲ್ಲುವ, ಇಷ್ಟು ದುಃಖದ ಹೆಸರು ಇನ್ನೊಂದನ್ನು ನಾನು ಕಂಡಿಲ್ಲ.

ನಮ್ಮ ಹತ್ತನೆಯ ತರಗತಿಯಲ್ಲಿ ಇದನ್ನು ಪ್ರಾಸದ ಪಾಠದ ನಡುವೆ ಹೇಳಿದಾಗ ಒಬ್ಬ ಹುಡುಗಿ ಎದ್ದು, “ಮೇಷ್ಟ್ರೇ, ಮೊದಲು ನಕಲು ಬರೆದು ಆಮೇಲೆ ಬೇಡ ಅನ್ನೋ ಬದಲು ಬರೆಯದೇ ಇರಬಹುದಲ್ಲ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಜೀವಕೋಶ ಅದನ್ನೂ ಮಾಡುತ್ತದೆ. ನಕಲನ್ನೇ ತಡೆಯುವ ಬೇರೆ ಏರ್ಪಾಡುಗಳಿವೆ. ಆದರೆ ಆಗಲೇ ಬರೆದಾದ ನಕಲುಗಳು ಸ್ವಲ್ಪ ಕಾಲ ಉಳಿದು ಓದಿಸಿಕೊಳ್ಳುತ್ತಲೇ ಇರುತ್ತವೆ. ಅಲ್ಲದೆ, ಪೂರ್ತಿ ನಿಲ್ಲಿಸುವುದು ಒಂದು, ಹದಕ್ಕೆ ತರುವುದು ಇನ್ನೊಂದು. ನಿಮ್ಮ ರೇಡಿಯೋವನ್ನೇ ನೋಡಿ: ಅದನ್ನು ಆರಿಸುವುದು ಬೇರೆ, ಪಕ್ಕದ ಮನೆಯವರಿಗೆ ತೊಂದರೆಯಾಗದಂತೆ ದನಿ ಇಳಿಸುವುದು ಬೇರೆ. ಹೆಚ್ಚಿನ ಮೈಕ್ರೋ ಆರ್‌ಎನ್‌ಎಗಳು ಮಾಡುವುದು ದನಿ ಇಳಿಸುವ ಕೆಲಸ. ಒಂದೊಂದು ಚೂರು ನೂರಾರು ಸಂದೇಶಗಳ ದನಿಯನ್ನು ಒಮ್ಮೆಲೆ ಕೊಂಚ ಕೊಂಚ ಇಳಿಸುತ್ತದೆ.

ಇಳಿಸುವವನು ಇಲ್ಲದಾದರೆ ಏನಾಗುತ್ತದೆಂಬುದಕ್ಕೆ ಬಿಳಿಯ ರಕ್ತಕಣಗಳ ಒಂದು ಏಡಿಗಂತಿ ಸಾಕ್ಷಿ. ದೀರ್ಘಕಾಲದ ಲಿಂಫೋಸೈಟಿಕ್ ಲ್ಯುಕೀಮಿಯ ಎಂದು ವೈದ್ಯರು ಕರೆಯುವ ಇದು ಬಹುಮಟ್ಟಿಗೆ ವಯಸ್ಸಾದವರಿಗೆ ಬರುತ್ತದೆ. ಅರ್ಧಕ್ಕಿಂತ ಹೆಚ್ಚು ರೋಗಿಗಳ ರೋಗಕಣಗಳಲ್ಲಿ 13ನೆಯ ವರ್ಣತಂತುವಿನ ಒಂದು ತುಣುಕು ಕಳೆದುಹೋಗಿರುತ್ತದೆ. ಅಲ್ಲಿ ರೋಗವನ್ನು ತಡೆಯುವ ಯಾವುದೋ ಪ್ರೋಟೀನಿನ ಜೀನು ಇದ್ದಿರಬೇಕೆಂದು ವರ್ಷಗಟ್ಟಲೆ ಹುಡುಕಿದರು. ಪ್ರೋಟೀನೇ ಬೇಕೆಂದು ಹುಡುಕಿದವರಿಗೆ ಸಿಕ್ಕೀತು ಹೇಗೆ? 2002ರಲ್ಲಿ ಅಮೆರಿಕದ ಕಾರ್ಲೊ ಕ್ರೋಚೆ ಮತ್ತು ಜಾರ್ಜ್ ಕಾಲಿನ್ ಅವರ ತಂಡ ಆ ಜಾಗದಲ್ಲಿದ್ದ ಎರಡು ಮೈಕ್ರೋ ಆರ್‌ಎನ್‌ಎಗಳನ್ನು ತೋರಿಸಿತು, 15 ಮತ್ತು 16 ಎಂಬ ಸಂಖ್ಯೆಯವು. ಮೂರು ವರ್ಷ ಕಳೆದು ಅವುಗಳ ಕಸುಬೂ ತಿಳಿಯಿತು. ಆಯುಸ್ಸು ತೀರಿದ ಜೀವಕೋಶ ತಾನಾಗಿ ಸಾಯಬೇಕು, ಅದೇ ಆರೋಗ್ಯ. ‘ಬಿಸಿಎಲ್-2’ ಎಂಬ ಪ್ರೋಟೀನು ‘ಸಾಯಬೇಡ’ ಎಂದು ಅದನ್ನು ಹಿಡಿದಿಡುತ್ತದೆ. ಈ ಎರಡು ಚೂರುಗಳು ಆ ಪ್ರೋಟೀನಿನ ಸಂದೇಶವನ್ನು ಅಂಕೆಯಲ್ಲಿಡುತ್ತಿದ್ದವು. ಅವು ಹೋದವು, ಸಾಯಬೇಕಾದ ಕಣಗಳು ಉಳಿದುಕೊಂಡವು, ಗುಂಪುಗೂಡಿದವು. ಇದೇ ಬಿಸಿಎಲ್-2 ಪ್ರೋಟೀನನ್ನು ತಡೆಯುವ ವೆನೆಟೋಕ್ಲಾಕ್ಸ್ ಎಂಬ ಮಾತ್ರೆ 2016ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಬಳಕೆಗೆ ಬಂದಿತು. ಕಳೆದುಹೋದ ಕಾವಲುಗಾರನ ಕೆಲಸವನ್ನು ಅದು ಇನ್ನೊಂದು ಬಾಗಿಲಿನಿಂದ ಮಾಡುತ್ತದೆಯೆನ್ನಬಹುದು. ಎಲ್ಲ ಏಡಿಗಂತಿಗಳಲ್ಲಿಯೂ ಕತೆ ಹೀಗೆಯೇ ಇಲ್ಲ. ಕೆಲವು ಕಡೆ ಮೈಕ್ರೋ ಆರ್‌ಎನ್‌ಎ ಅತಿಯಾಗಿ ಹುಟ್ಟಿ, ತಡೆಯಬಾರದುದನ್ನು ತಡೆದು, ರೋಗವನ್ನು ಬೆಳೆಸುವುದೂ ಉಂಟು.

ಎಲ್ಲ ನಿಯಂತ್ರಕಗಳೂ ಚೂರುಗಳೇ ಎಂದು ಭಾವಿಸಬಾರದು. ಸಾವಿರಾರು ಅಕ್ಷರ ಉದ್ದದವೂ ಇವೆ. ಅವುಗಳಲ್ಲಿ ಹೆಸರಾದದ್ದು ‘ಜಿಸ್ಟ್’, ಸುಮಾರು 17,000 ಅಕ್ಷರದ್ದು, 1991ರಲ್ಲಿ ಸಿಕ್ಕಿದ್ದು. ಇದರ ಕೆಲಸವನ್ನು ನೀವು ಬೀದಿಯಲ್ಲಿಯೇ ನೋಡಿರುತ್ತೀರಿ. ಮೈಮೇಲೆ ಕಪ್ಪು ಮಚ್ಚೆ, ಕೇಸರಿ ಮಚ್ಚೆ ಎರಡೂ ಇರುವ ಬೆಕ್ಕು ಹೆಚ್ಚುಕಡಮೆ ಯಾವಾಗಲೂ ಹೆಣ್ಣು. ಹೆಣ್ಣಿಗೆ ‘ಎಕ್ಸ್’ ಎಂಬ ವರ್ಣತಂತು ಎರಡು, ಗಂಡಿಗೆ ಒಂದು. ಎರಡೂ ದುಡಿದರೆ ಹೆಣ್ಣಿನಲ್ಲಿ ಉತ್ಪತ್ತಿ ಇಮ್ಮಡಿಯಾದೀತು. ಆದ್ದರಿಂದ ಭ್ರೂಣಾವಸ್ಥೆಯಲ್ಲಿಯೇ ಪ್ರತಿಯೊಂದು ಜೀವಕೋಶ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮಲಗಿಸುತ್ತದೆ; ಯಾವುದನ್ನೆಂಬುದು ಚೀಟಿ ಎತ್ತಿದಂತೆ. ಇದನ್ನು 1961ರಲ್ಲಿಯೇ ಮೇರಿ ಲಯನ್ ಎಂಬ ಇಂಗ್ಲಿಷ್ ವಿದುಷಿ ಊಹಿಸಿದ್ದಳು. ಕೇಸರಿ ಬಣ್ಣದ ಜೀನು ಎಕ್ಸ್‌ನ ಮೇಲಿರುವುದರಿಂದ, ಒಂದು ಕಡೆ ಕೇಸರಿ, ಇನ್ನೊಂದು ಕಡೆ ಕಪ್ಪು. ಮಲಗಿಸುವವನು ಜಿಸ್ಟ್. ಅದು ಯಾವ ವರ್ಣತಂತುವಿನಿಂದ ಹುಟ್ಟಿತೋ ಅದಕ್ಕೇ ತಲೆಯಿಂದ ಕಾಲಿನವರೆಗೆ ಕಂಬಳಿ ಹೊದಿಸಿದಂತೆ ಸುತ್ತಿಕೊಳ್ಳುತ್ತದೆ. ಮನೆಯ ಹೆಣ್ಣುಮಕ್ಕಳಲ್ಲಿಯೂ ನಡೆಯುವುದು ಇದೇ. ಮೈಯ ರಕ್ಷಣಾಶಕ್ತಿ ಮೈಯ ಮೇಲೆಯೇ ತಿರುಗಿಬೀಳುವ ಲೂಪಸ್ ಎಂಬ ಬೇನೆಯ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಂಗಸರೇ ಏಕೆ ಎಂಬ ಹಳೆಯ ಪ್ರಶ್ನೆಗೆ 2024ರಲ್ಲಿ ಒಂದು ಸುಳುಹು ದೊರಕಿತು: ಗಂಡು ಇಲಿಗಳಲ್ಲಿ ಜಿಸ್ಟ್ ಹುಟ್ಟುವಂತೆ ಮಾಡಿದಾಗ, ಲೂಪಸ್‌ನಂಥ ಬೇನೆ ಅವುಗಳಲ್ಲಿಯೂ ಬಲವಾಗಿ ಕಾಣಿಸಿತು. ಇತರ ಕಾರಣಗಳೂ ಇದ್ದಾವು, ಇದೊಂದು ಎಳೆ.

ಇನ್ನು ಔಷಧದ ಮಾತು. ‘ಸಾಕು’ ಎನ್ನುವ ಚೂರನ್ನು ನಾವೇ ಬರೆದು ಒಳಗೆ ಕಳುಹಿಸಬಾರದೇಕೆ ಎಂಬ ಯೋಚನೆ ಸಹಜವಾಗಿ ಬಂದಿತು. 1998ರಲ್ಲಿ ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಜೋಡಿ ಎಳೆಯ ಆರ್‌ಎನ್‌ಎಯಿಂದ ಹುಳುವಿನಲ್ಲಿ ಬೇಕಾದ ಸಂದೇಶವನ್ನು ಅಡಗಿಸಿ ತೋರಿಸಿ, 2006ರಲ್ಲಿ ನೊಬೆಲ್ ಪಡೆದಿದ್ದರು. ಆ ದಾರಿಯಲ್ಲಿ ಬಂದ ಮೊದಲ ಔಷಧ ಪಟಿಸಿರಾನ್, 2018ರದು. ನರಗಳಲ್ಲಿ ಹೃದಯದಲ್ಲಿ ಕೆಟ್ಟ ಪ್ರೋಟೀನು ಶೇಖರವಾಗುವ ಒಂದು ವಂಶಪಾರಂಪರ್ಯ ರೋಗಕ್ಕೆ. ಮರು ಎರಡು ವರ್ಷದಲ್ಲಿ ಯೂರೋಪಿನಲ್ಲಿಯೂ ಆಮೇಲೆ ಅಮೆರಿಕದಲ್ಲಿಯೂ ಅನುಮತಿ ಪಡೆದ ಇನ್‌ಕ್ಲಿಸಿರಾನ್ ರಕ್ತದ ಕೊಲೆಸ್ಟರಾಲ್ ಇಳಿಸುವಂಥದು. ಮೊದಲ ಎರಡು ಚುಚ್ಚುಮದ್ದು ಮೂರು ತಿಂಗಳ ಅಂತರದಲ್ಲಿ, ಆಮೇಲೆ ಆರು ತಿಂಗಳಿಗೊಂದು. ಎರಡೂ ಕೆಲಸ ಮಾಡುವುದು ಯಕೃತ್ತಿನಲ್ಲಿ. ಅಲ್ಲಿಗೆ ಔಷಧ ತಲುಪುವುದು ಸುಲಭ, ಬೇರೆ ಅಂಗಗಳಿಗೆ ಕಷ್ಟ.

ಇವು ಒಂದೇ ಸಂದೇಶಕ್ಕೆ ಗುರಿಯಿಟ್ಟವು. ಮೈಯಲ್ಲಿರುವ ಮೈಕ್ರೋ ಆರ್‌ಎನ್‌ಎಯನ್ನೇ ಔಷಧವಾಗಿಸಲು ಹೊರಟವರ ಅನುಭವ ಬೇರೆ. ಏಡಿಗಂತಿಯನ್ನು ತಡೆಯುವ ಮಿರ್-34 ಎಂಬುದರ ಕೃತಕ ಪ್ರತಿಯನ್ನು ರೋಗಿಗಳಿಗೆ ಕೊಟ್ಟು ನೋಡಿದ ಪ್ರಯೋಗವನ್ನು, ಶರೀರದ ರಕ್ಷಣಾಶಕ್ತಿ ಉಗ್ರವಾಗಿ ಕೆರಳಿ ಸಾವುಗಳೂ ಸಂಭವಿಸಿದ್ದರಿಂದ, 2016ರಲ್ಲಿ ನಿಲ್ಲಿಸಬೇಕಾಯಿತು. ನೂರಾರು ಸಂದೇಶಗಳ ದನಿಯನ್ನು ಒಟ್ಟಿಗೆ ಇಳಿಸುವ ಗುಂಡಿಯನ್ನು ಹೊರಗಿನಿಂದ ತಿರುಗಿಸುವುದು ಅಷ್ಟು ಹಗುರವಾದ ಕೆಲಸವಲ್ಲ. ‘ರಕ್ತದ ಒಂದು ಹನಿಯಲ್ಲಿ ಮೈಕ್ರೋ ಆರ್‌ಎನ್‌ಎ ನೋಡಿ ಎಲ್ಲ ರೋಗವನ್ನೂ ಮೊದಲೇ ಹೇಳುತ್ತೇವೆ’ ಎಂಬ ಜಾಹೀರಾತು ಕಂಡರೆ ಹಣ ತೆರುವ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ರಕ್ತದಲ್ಲಿ ಅವು ತೇಲುತ್ತಿರುವುದು ನಿಜ, ಸಂಶೋಧನೆ ನಡೆದಿರುವುದೂ ನಿಜ. ಎಲ್ಲ ರೋಗವನ್ನೂ ಹೇಳಬಲ್ಲ ಪರೀಕ್ಷೆ ಅದಲ್ಲ.

ಕಿವುಡಿನ ಕತೆ ಅಲ್ಲಿಗೇ ನಿಂತಿಲ್ಲ. 2024ರಲ್ಲಿ ಅಮೆರಿಕದ ಬಾಸ್ಟನ್ ನಗರದ ಸಂಶೋಧಕರು ಮಿರ್-96ರಲ್ಲಿ ಒಂದಕ್ಷರ ತಪ್ಪಿದ್ದ ಇಲಿಗಳನ್ನು ತೆಗೆದುಕೊಂಡು, ಒಳಗಿವಿಗೆ ಚುಚ್ಚುಮದ್ದಿನ ಮೂಲಕ ಜೀನು ತಿದ್ದುವ ಸಾಧನವನ್ನು ಕಳುಹಿಸಿದರು. ತಂದೆ ತಾಯಿಗಳಿಂದ ಬರುವ ಎರಡು ಪ್ರತಿಗಳಲ್ಲಿ ಸರಿಯಾದುದನ್ನು ಮುಟ್ಟದೆ ತಪ್ಪಿದ ಪ್ರತಿಯನ್ನಷ್ಟೇ ಕೆಡಿಸುವಂತೆ ಆ ಸಾಧನವನ್ನು ರೂಪಿಸಿದ್ದರು. ಇಲಿಗಳು ಬೆಳೆದು ದೊಡ್ಡವಾದ ಮೇಲೆ ಕೊಟ್ಟಾಗಲೂ ಅವುಗಳ ಶ್ರವಣ ಉಳಿಯಿತು. ರೋಮಕೋಶಗಳು ಬಹಳ ಹಾಳಾಗುವ ಮುನ್ನ, ಎಳೆಯ ವಯಸ್ಸಿನಲ್ಲಿ ಕೊಟ್ಟವಕ್ಕೆ ಗುಣ ಹೆಚ್ಚು ಚೆನ್ನಾಗಿ ಹಿಡಿಯಿತು.